ನಮ್ಮೂರಿನ ಚರಿತ್ರೆಯನ್ನು ಇವತ್ತಿನ ಬದುಕಿಗೆ ಬಳಸಿಕೊಳ್ಳುವುದು ಹೇಗೆ? ಕೆರೆ ಏರಿಯಿಂದ ಮನೆ ಲೆಕ್ಕದವರೆಗೆ

ನಾವು ಮೂರನೇ ಬೋರ್‌ವೆಲ್ ಕೊರೆಸಿದ್ದು 2016ರ ಬೇಸಿಗೆಯಲ್ಲಿ. ಚಿಂತಾಮಣಿ ಕಡೆ ನಮ್ಮ ಹೊಲ. 1,200 ಅಡಿ ದಾಟಿದರೂ ಬಂದಿದ್ದು ಬಿಳಿ ದೂಳು ಮಾತ್ರ. ಸಾಲ ಉಳಿಯಿತು. ಲಾರಿ ಹೊರಟು ಹೋದ ಮೇಲೆ ಸೋದರತ್ತೆ ಹೇಳಿದರು: "ಆ ಮೂಲೇಲಿ ನಿಮ್ಮ ತಾತಾನೂ ಬಾವಿ ತೋಡ್ಸಿದ್ದ ಕಣೋ. ಬಂಡೆ ಸಿಕ್ತು ಅಂತ ಮುಚ್ಚಿಸ್ಬಿಟ್ಟ. ನೀರಿದ್ದಿದ್ದು ಕೆಳಗಡೆ, ಹುಣಸೆ ಮರದ ಹತ್ರ." ಮೊದಲೇ ಯಾಕೆ ಹೇಳಲಿಲ್ಲ ಅತ್ತೆ ಅಂದೆ. "ನೀವು ಯಾರು ಕೇಳಿದ್ರಿ?" ಅಂದರು.

ನಿಜ, ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿ ಗಂಗರು ಕೋಲಾರದಿಂದ ಆಳಿದರು, ಆಗ ಅದರ ಹೆಸರು ಕುವಲಾಲಪುರ ಅಂತೆಲ್ಲ ಬಾಯಿಪಾಠ ಮಾಡಿದ್ದೆ. ನಮ್ಮದೇ ಹೊಲದಲ್ಲಿ ಐವತ್ತು ವರ್ಷದ ಹಿಂದೆ ಏನಾಯಿತು ಅಂತ ಗೊತ್ತಿರಲಿಲ್ಲ. ಆಮೇಲೆ ಈ ಎಂಟು ಹತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಂದು ಕ್ರಮ ರೂಢಿಸಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚರಿತ್ರೆಯಲ್ಲಿ ನನಗೆ ದೊಡ್ಡವರ ಹೆಸರಿಗಿಂತ ಅವರು ಮಾಡಿಟ್ಟ ಏರ್ಪಾಡು ಮುಖ್ಯ: ಖರ್ಚು ಯಾರು ಕೊಟ್ಟರು, ಕೆಟ್ಟಾಗ ರಿಪೇರಿ ಯಾರ ಹೊಣೆ, ಯಾವಾಗ ಕೈ ಕೊಟ್ಟಿತು, ಆಗ ಪೆಟ್ಟು ತಿಂದವರು ಯಾರು. ಇಷ್ಟು ತಿಳಿದರೆ ಮನೆಗೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ನಿಮ್ಮ ಪ್ರಶ್ನೆ ಬರೆದುಕೊಳ್ಳಿ

ಪುಸ್ತಕ ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಈಗಿನ ಚಿಂತೆ ಒಂದೇ ಸಾಲಿನಲ್ಲಿ ಬರೆಯಿರಿ. "ಈ ಸೈಟು ತಗೊಳ್ಳಬಹುದಾ?" "ಕೆಲಸ ಹೋದರೆ ಎಷ್ಟು ತಿಂಗಳು ತಡೆಯಬಹುದು?" "ಎಲ್ಲ ಜಮೀನಿಗೂ ಟೊಮೆಟೊ ಹಾಕೋದಾ?" "ಅಣ್ಣತಮ್ಮಂದಿರು ಭಾಗ ಆಗಬೇಕಾ, ಒಟ್ಟಿಗೇ ಇರಬೇಕಾ?" ಈ ಥರ. ಪ್ರಶ್ನೆ ಇಲ್ಲದೆ ಓದಿದರೆ ಚರಿತ್ರೆ ಸುಮ್ನೆ ಹೆಮ್ಮೆಪಡುವುದಕ್ಕೆ, ಇಲ್ಲಾಂದ್ರೆ ಜಗಳ ಆಡುವುದಕ್ಕೆ ಮಾತ್ರ ಬಳಕೆಯಾಗುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಸಾಕು.

ಹೆಜ್ಜೆ 2: ಮನೆಯ ಹಿರಿಯರನ್ನು ಕೇಳಿ, ಆದರೆ ಸರಿಯಾಗಿ ಕೇಳಿ

"ನಿಮ್ಮ ಕಾಲ ಹೇಗಿತ್ತು?" ಅಂತ ಕೇಳಬೇಡಿ. "ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು" ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಸಣ್ಣ ಸಣ್ಣದು ಕೇಳಿ. "ಅಜ್ಜಿ, ನೀನು ಮದುವೆಯಾಗಿ ಬಂದಾಗ ಕುಡಿಯೋ ನೀರು ಎಲ್ಲಿಂದ ತರ್ತಿದ್ದೆ?" "ಮಳೆ ಬರದ ವರ್ಷ ಏನು ತಿಂತಿದ್ರಿ?" "ಯಾರ ಹತ್ರ ಸಾಲ ಮಾಡಿದ್ರಿ, ಹೆಂಗೆ ತೀರಿಸಿದ್ರಿ?" "ಯಾವ ಹೊಲ ಮಾರಿದ್ರಿ, ಯಾಕೆ?"

ಕೈಯಲ್ಲಿ ಏನಾದರೂ ಕೆಲಸ ಇರುವಾಗ ಕೇಳಿದರೆ ಒಳ್ಳೆಯದು. ಅವರೆಕಾಯಿ ಸುಲಿಯುವಾಗ, ಹುಣಸೆಹಣ್ಣು ಬಿಡಿಸುವಾಗ. ಎದುರಿಗೆ ಫೋನ್ ಇಟ್ಟು ರೆಕಾರ್ಡ್ ಮಾಡಿದರೆ ಬಹಳ ಜನ ಮಾತು ನಿಲ್ಲಿಸುತ್ತಾರೆ. ಹಾಗಂತ ಕದ್ದು ರೆಕಾರ್ಡ್ ಮಾಡುವುದೂ ತಪ್ಪು. ಕೇಳಿಸಿಕೊಂಡು, ಅವತ್ತು ರಾತ್ರಿಯೇ ಬರೆದಿಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಮಾತು ತೆಲುಗಿನಲ್ಲಿರುತ್ತದೆ. ಅವರು ಹೇಳಿದ ಪದವನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಅರ್ಥ ಪಕ್ಕದಲ್ಲಿ ಹಾಕಿ. ಹೆಂಗಸರನ್ನು ಬೇರೆಯಾಗಿ ಕೇಳಿ, ಇದು ಬಹಳ ಮುಖ್ಯ. ನೀರು, ಕಾಳು, ಕಾಯಿಲೆ, ಒಡವೆ ಅಡ ಇಟ್ಟಿದ್ದು, ಈ ನಾಲ್ಕರ ಲೆಕ್ಕ ಅವರಿಗೇ ಗೊತ್ತು. ನಮ್ಮ ಮನೆಯಲ್ಲಿ ಬಾವಿ ಮುಚ್ಚಿದ್ದು ಅಪ್ಪನಿಗೇ ನೆನಪಿರಲಿಲ್ಲ.

ಹೆಜ್ಜೆ 3: ಅವರು ಹೇಳಿದ ಕಾಲವನ್ನು ಇಸವಿಗೆ ತನ್ನಿ

ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಇದಕ್ಕೆ ಸುಲಭದ ದಾರಿ ಇದೆ. ಸಂವತ್ಸರ 60. ಮೊದಲನೆಯದು ಪ್ರಭವ, ಅದು 1987ರ ಯುಗಾದಿಗೆ ಶುರುವಾಗಿತ್ತು. ಪಂಚಾಂಗದಲ್ಲಿ 60 ಹೆಸರೂ ಸಾಲಾಗಿ ಇರುತ್ತವೆ, ಅಲ್ಲಿಂದ ಎಣಿಸಿ. ಉದಾಹರಣೆಗೆ ಧಾತು ಹತ್ತನೆಯದು, ಅಂದರೆ 1996–97. ಅದಕ್ಕೆ 60 ಕಳೆದರೆ 1936–37. ಇನ್ನೊಂದು 60 ಕಳೆದರೆ 1876–77.

ಈ 1876–77 ನೆನಪಿಡಿ. ಹಳಬರ ಬಾಯಲ್ಲಿ ಇನ್ನೂ ಇರುವ "ದಾತು ಬರ" ಇದೇ. ಮಳೆ ಒಂದು ವರ್ಷ ಕೈ ಕೊಟ್ಟಿದ್ದಲ್ಲ, 1875ರಿಂದಲೇ ಹದ ತಪ್ಪಿ, ಮುಂದಿನ ಈಶ್ವರ ಸಂವತ್ಸರದವರೆಗೂ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಅಲ್ವಾ? ನಾನು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೋಡಿದ ದಿನ ಊಟ ಸೇರಲಿಲ್ಲ. ಅವರು ನಮ್ಮ ಮುತ್ತಜ್ಜನ ಅಪ್ಪನ ಕಾಲದವರು. ಇದರಿಂದ ಏನು ಮಾಡಿಕೊಂಡೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 4: ಕಾಗದ ನೋಡಿ

ಬಾಯಿಮಾತು ಒಂದು ಕಣ್ಣು, ಕಾಗದ ಇನ್ನೊಂದು. ಎರಡೂ ಬೇಕು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಜನ ಅನ್ನುವ ಲೆಕ್ಕವೂ ಇದೆ, 32 ಅನ್ನುವ ಲೆಕ್ಕವೂ ಇದೆ. ಇಂಥದ್ದು ಸಿಕ್ಕಾಗ ಒಂದನ್ನು ಹಿಡಿದು ಇನ್ನೊಂದನ್ನು ಬಿಸಾಡಬೇಡಿ. ಎರಡನ್ನೂ ಬರೆದು, ಯಾರ ಲೆಕ್ಕ ಅಂತ ಪಕ್ಕದಲ್ಲಿ ಹಾಕಿ. ಮನೆಯ ಭಾಗದ ಜಗಳದಲ್ಲೂ ಈ ಅಭ್ಯಾಸ ಬಹಳ ಕೆಲಸಕ್ಕೆ ಬರುತ್ತದೆ. ದೊಡ್ಡಪ್ಪ ಹೇಳುವುದೊಂದು, ಚಿಕ್ಕಪ್ಪ ಹೇಳುವುದೊಂದು, ಪಹಣಿ ಹೇಳುವುದು ಮತ್ತೊಂದು.

ನೋಡಬೇಕಾದ ಕಾಗದ ಇವು. ನಿಮ್ಮ ಜಮೀನಿನ ಹಳೆಯ ಪಹಣಿ ಮತ್ತು ಮ್ಯುಟೇಷನ್ (ಖಾತೆ ಯಾರಿಂದ ಯಾರಿಗೆ ಬದಲಾಯಿತು ಅನ್ನುವ ದಾಖಲೆ). ನಿಮ್ಮೂರಿನ ಗ್ರಾಮ ನಕ್ಷೆ, ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಆಮೇಲೆ ಶಾಸನಗಳ ಸಂಪುಟ. ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದಲ್ಲಿ 10ನೇ ಸಂಪುಟ ಕೋಲಾರದ್ದು, 12ನೇದು ತುಮಕೂರಿನದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟದವರು ಕೋಲಾರದ ಸಂಪುಟದಲ್ಲೇ ಹುಡುಕಬೇಕು. ತಾಲೂಕು ಪ್ರಕಾರ ಇದೆ, ನಿಮ್ಮೂರ ಹೆಸರು ಸಿಕ್ಕರೂ ಸಿಗಬಹುದು.

ಸೈಟು ತಗೊಳ್ಳುವವರು ಗ್ರಾಮ ನಕ್ಷೆಯನ್ನು ನೋಡಲೇಬೇಕು. ಕೆರೆ, ಹಳ್ಳ, ಕಾಲುವೆ, ಬಂಡಿದಾರಿ ಎಲ್ಲ ಅದರಲ್ಲಿ ಗೆರೆ ಹಾಕಿರುತ್ತದೆ. 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ತುಂಬಿ ಕೋಡಿ ಹರಿದವು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಇಪ್ಪತ್ತು ವರ್ಷ ನೀರು ಬರದಿದ್ದರೂ ಹಳ್ಳ ಹಳ್ಳವೇ. ನಮ್ಮ ಭಾವಮೈದ ಒಂದು ಸೈಟಿಗೆ ಅಡ್ವಾನ್ಸ್ ಕೊಡುವ ಹಿಂದಿನ ದಿನ ನಕ್ಷೆ ತೆಗೆದು ನೋಡಿದ, ನಡುವೆ ಹಳ್ಳದ ಗೆರೆ ಇತ್ತು, ಬಿಟ್ಟ.

ಹೆಜ್ಜೆ 5: ಕೆರೆ ಏರಿ ಮೇಲೆ ನಡೆಯಿರಿ

ಇದು ನನಗೆ ಬಹಳ ಇಷ್ಟವಾದ ಹೆಜ್ಜೆ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಅದೂ ಕೆಲವೇ ದಿನಗಳಲ್ಲಿ ದಬದಬ ಸುರಿದು ಹೋಗುತ್ತದೆ. ಅದನ್ನು ಹಿಡಿಯಲು ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದರ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಒಂದು ಭಾನುವಾರ ಬೆಳಿಗ್ಗೆ ಹೋಗಿ, ಏರಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಗದ್ದೆಗೆ ನೀರು ಬಿಡುವ ತೂಬು ಎಲ್ಲಿದೆ, ಹೆಚ್ಚಾದ ನೀರು ಹೊರಹೋಗುವ ಕೋಡಿ ಎಲ್ಲಿದೆ, ಕೆರೆ ನೀರು ಉಣ್ಣುವ ಅಚ್ಚುಕಟ್ಟು ಯಾವ ಕಡೆ, ನೀರು ಬರುವ ಕಾಲುವೆ ಈಗ ಏನಾಗಿದೆ, ನೋಡಿ. ಕಲ್ಲಿನ ಶಾಸನ ಸಿಕ್ಕರೆ ಸುಣ್ಣ, ಅರಿಶಿನ, ಪೇಂಟ್ ಏನೂ ಹಚ್ಚಬೇಡಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ಈಗ ಆ ಶಾಸನಗಳನ್ನು ಓದುವ ರೀತಿ. ಎಲ್ಲರೂ ರಾಜನ ಹೆಸರು, ಇಸವಿ ಹುಡುಕುತ್ತಾರೆ. ನೀವು ಅದರ ಮುಂದಿನ ಸಾಲುಗಳಿಗೆ ಹೋಗಿ. ಕೆರೆ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಅದೇ ಕೆರೆಯ ಕೆಳಗೆ ಇಷ್ಟು ಗದ್ದೆ ಬಿಟ್ಟಿದ್ದೇವೆ ಅಂತ. ಹೂಳು ತೆಗೆಯುವ ಬಂಡಿಗೆ, ಕೋಣಕ್ಕೆ ಅಂತ ಭೂಮಿ ಬಿಟ್ಟ ಶಾಸನಗಳೂ ಕರ್ನಾಟಕದಲ್ಲಿವೆ. ಅಂದರೆ ಕೆರೆ ಕಟ್ಟುವಾಗಲೇ ಅವರಿಗೆ ಗೊತ್ತಿತ್ತು, ಇದು ಹೂಳು ತುಂಬುತ್ತದೆ, ಏರಿ ಬಿರುಕು ಬಿಡುತ್ತದೆ, ಆಗ ದುಡ್ಡಿಗೆ ಓಡಾಡಬಾರದು ಅಂತ. ನೀರು ಬಿಡುವುದಕ್ಕೆ ನೀರಗಂಟಿ ಇದ್ದ, ಅವನ ಕೂಲಿಯೂ ಬೆಳೆಯಲ್ಲೇ ಗೊತ್ತಾಗಿತ್ತು. ಊರಿನವರು ಬೇಸಿಗೆಯಲ್ಲಿ ಗೋಡು (ಕೆರೆಯ ಹೂಳುಮಣ್ಣು) ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು, ಕೆರೆಯೂ ಆಳ ಆಗುತ್ತಿತ್ತು, ಹೊಲಕ್ಕೂ ಗೊಬ್ಬರ ಆಗುತ್ತಿತ್ತು.

ನಾನು ಇದನ್ನು ಓದಿದ ಮೇಲೆ ಮನೆಯಲ್ಲಿ ಒಂದು ಬದಲಾವಣೆ ಮಾಡಿದೆ. ಏನೇ ದೊಡ್ಡದು ತಗೊಂಡರೂ ಅದರ ರಿಪೇರಿ ದುಡ್ಡನ್ನು ಅವತ್ತೇ ಬೇರೆ ಇಡುತ್ತೇನೆ. ಹನಿ ನೀರಾವರಿ ಪೈಪ್ ಹಾಕಿಸಿದಾಗ ಅದರ ಬೆಲೆಯಲ್ಲಿ ಹತ್ತನೇ ಒಂದು ಭಾಗ ಬೇರೆ ಖಾತೆಗೆ ಹೋಯಿತು. ದಶವಂದದ 'ದಶ' ನೋಡಿಯೇ ಈ ಹತ್ತನೇ ಒಂದು ಅಂತ ಇಟ್ಟುಕೊಂಡಿದ್ದು. ಟ್ರ್ಯಾಕ್ಟರ್, ಮನೆ ಚಾವಣಿ, ಮೋಟರ್, ಎಲ್ಲಕ್ಕೂ ಹಾಗೇ. ಅಮ್ಮನ ಮೊಣಕಾಲು ಆಪರೇಷನ್ ಆದಾಗಲೂ ಆಸ್ಪತ್ರೆ ಬಿಲ್ ಜೊತೆಗೆ ಆರು ತಿಂಗಳ ಫಿಸಿಯೋಥೆರಪಿ ದುಡ್ಡು ಮೊದಲೇ ತೆಗೆದಿಟ್ಟೆವು. ಹಾಗಾಗಿ ನಡುವೆ ನಿಲ್ಲಿಸಲಿಲ್ಲ.

ಒಂದು ಮಾತು ಬಿಚ್ಚಿ ಹೇಳಬೇಕು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆ ಕೆರೆಗಳ ಮಣ್ಣು ಹೊತ್ತವರು ಯಾರು, ನೀರಿನ ಹತ್ತಿರ ಹೋಗಲು ಯಾರಿಗೆ ಬಿಡುತ್ತಿರಲಿಲ್ಲ, ಅಚ್ಚುಕಟ್ಟಿನ ಗದ್ದೆ ಯಾರ ಹೆಸರಲ್ಲಿ ಇತ್ತು, ಇದನ್ನೂ ಕೇಳಬೇಕು. ರಿಪೇರಿಗೆ ಮೊದಲೇ ದುಡ್ಡು ಇಡುವ ಬುದ್ಧಿ ತಗೊಳ್ಳೋಣ. ಒಬ್ಬರ ಬೆನ್ನ ಮೇಲೆ ಎಲ್ಲ ಹೊರಿಸುವ ಅಭ್ಯಾಸ ತಗೊಳ್ಳುವುದು ಬೇಡ. ಮನೆಯಲ್ಲೂ ಅಷ್ಟೇ, "ಹಿಂದೆ ಒಟ್ಟು ಕುಟುಂಬ ಎಷ್ಟು ಚೆನ್ನಾಗಿತ್ತು" ಅನ್ನುವವರು ಆ ಮನೆಯ ಸೊಸೆಯಂದಿರನ್ನು ಒಮ್ಮೆ ಕೇಳಿ ಬರಲಿ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದು. ಆದರೆ ಆ ನೀರು ಕೆರೆಯಿಂದ ಕೆರೆಗೆ ಹೋಗುತ್ತಿರುವುದು ಹಳಬರು ಮಾಡಿಟ್ಟ ಅದೇ ಕೋಡಿ, ಕಾಲುವೆಗಳ ದಾರಿಯಲ್ಲಿ.

ಹೆಜ್ಜೆ 6: ಕೈ ಕೊಟ್ಟಿದ್ದನ್ನೂ ಓದಿ

ಗೆದ್ದವರ ಕಥೆ ಸುಲಭವಾಗಿ ಸಿಗುತ್ತದೆ. ಸೋತದ್ದನ್ನು ಹುಡುಕಿ ಓದಬೇಕು. ನಮಗೆ ಪಕ್ಕದಲ್ಲೇ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಇದೆ. ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು, ಆಗ ಬೆಂಗಳೂರಿನ ಬೀದಿಗಳಿಗೂ ಇರಲಿಲ್ಲ. ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿಯಿತು. 1956ರಲ್ಲಿ ಸರ್ಕಾರ ವಹಿಸಿಕೊಂಡಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು.

ಅದು ಒಂದು ದಿನದಲ್ಲಿ ಬಂದ ಕಷ್ಟವಲ್ಲ. ಅದಿರಿನಲ್ಲಿ ಚಿನ್ನದ ಪಾಲು ದಶಕಗಳಿಂದ ಇಳಿಯುತ್ತಿತ್ತು, ಆಳ ಹೆಚ್ಚಿದಂತೆ ಖರ್ಚು ಏರುತ್ತಿತ್ತು. ನನಗೆ ಇದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಕಾರ್ಮಿಕರ ಸಂಬಳ, ಮನೆ, ನೀರು, ಆಸ್ಪತ್ರೆ ಎಲ್ಲ ಒಂದೇ ಗಣಿಯಿಂದ ಬರುತ್ತಿತ್ತು. ಅದು ನಿಂತಾಗ ಎಲ್ಲ ಒಟ್ಟಿಗೆ ನಿಂತಿತು. ಇವತ್ತಿಗೂ ಅಲ್ಲಿಂದ ನಸುಕಿನ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ.

ಈಗ ನಿಮ್ಮ ಮನೆಗೆ ಬನ್ನಿ. ಒಂದು ಹಾಳೆಯ ನಡುವೆ ನಿಮ್ಮ ಮುಖ್ಯ ಆದಾಯ ಬರೆಯಿರಿ. ಅದು ನಿಂತರೆ ಜೊತೆಗೆ ಏನೇನು ನಿಲ್ಲುತ್ತದೆ ಅಂತ ಸುತ್ತ ಬರೆಯಿರಿ. ನಾನು ಬರೆದಾಗ ಬೆವರಿದೆ. ಟೊಮೆಟೊ ಬೆಳೆ, ಬೆಳೆಗೆ ಮಂಡಿಯಿಂದ ಮುಂಗಡ, ಮಾರುವುದೂ ಅದೇ ಮಂಡಿಗೆ, ಮಗಳ ಫೀಸಿಗೆ ಕೈಸಾಲವೂ ಅಲ್ಲಿಂದಲೇ. ನಮ್ಮ ಮನೆ ಒಂದು ಚಿಕ್ಕ ಕೆಜಿಎಫ್ ಆಗಿತ್ತು. ಮೊದಲು ಕೈಸಾಲ ಬಿಡಿಸಿಕೊಂಡೆವು. ಎರಡು ಹಸು ತಂದು ಡೇರಿಗೆ ಹಾಲು ಹಾಕಲು ಶುರು ಮಾಡಿದೆವು. ಹೊಲದಲ್ಲಿ ಒಂದು ಎಕರೆ ರಾಗಿಗೇ ಮೀಸಲು. ನಿಮ್ಮದು ಸಂಬಳದ ಮನೆಯಾದರೆ ವಿಮೆ, ಮನೆ ಬಾಡಿಗೆ, ಇಎಂಐ ಎಲ್ಲ ಒಂದೇ ಕಂಪನಿಗೆ ಗಂಟು ಬಿದ್ದಿದೆಯಾ ನೋಡಿ. ಆಫೀಸಿನ ಆರೋಗ್ಯ ವಿಮೆ ಒಂದೇ ನಂಬಿದವರು ಬಹಳ ಜನ.

ಹೆಜ್ಜೆ 7: ಅಂದಿನ ಮಾತು ಇಂದಿಗೆ ಹೊಂದುತ್ತದಾ ಅಂತ ಪರೀಕ್ಷೆ ಮಾಡಿ

ಇಲ್ಲಿ ತಪ್ಪಿದರೆ ಚರಿತ್ರೆಯೇ ಅಪಾಯ. "ನಮ್ಮ ತಾತ ಇದೇ ಊರ ನೀರು ಕುಡಿದು ತೊಂಬತ್ತು ವರ್ಷ ಬದುಕಿದ, ನಮಗೆ ಫಿಲ್ಟರ್ ಯಾಕೆ?" ಅನ್ನುವವರು ನಮ್ಮಲ್ಲಿ ಬಹಳ. ತಾತ ಕುಡಿದದ್ದು ಕೆರೆ ಪಕ್ಕದ ತೆರೆದ ಬಾವಿಯ ನೀರು. ನಾವು ಕುಡಿಯುತ್ತಿರುವುದು ಸಾವಿರ ಅಡಿ ಕೆಳಗಿನ ಬಂಡೆಯ ನೀರು. ಊರು ಒಂದೇ, ನೀರು ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಜಾಸ್ತಿಯಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿಯುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ದಯವಿಟ್ಟು ನೀರು ಪರೀಕ್ಷೆ ಮಾಡಿಸಿ.

ಹಾಗಾಗಿ ಹಳೆಯ ಬುದ್ಧಿ ಹಿಡಿಯುವ ಮೊದಲು ಒಂದು ಪ್ರಶ್ನೆ ಹಾಕಿ: ಅವತ್ತು ಅದು ನಡೆಯಲು ಏನಿತ್ತು, ಈಗ ಅದು ಇದೆಯಾ?

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ, ಹೋದ ವರ್ಷವನ್ನೇ ಚರಿತ್ರೆ ಅಂದುಕೊಳ್ಳುವುದು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ನಾಟಿ ಮಾಡಿದವರ ಬೆಳೆ ಬರುವಷ್ಟರಲ್ಲಿ ರೇಟು ಬಿದ್ದಿತ್ತು. ಒಂದು ವರ್ಷದ ರೇಟು ಸುದ್ದಿ. ಹತ್ತು ವರ್ಷದ ರೇಟು ಒಂದೇ ಹಾಳೆಯಲ್ಲಿ ಬರೆದರೆ ಅದು ಚರಿತ್ರೆ.

ಹೆಜ್ಜೆ 8: ಒಂದೇ ಒಂದು ನಿಯಮ ಮಾಡಿ, ಅಂಕಿ ಹಾಕಿ

ಓದಿದ್ದು, ಕೇಳಿದ್ದು ಎಲ್ಲ ಸೇರಿ ಒಂದು ಸಾಲಿಗೆ ಇಳಿಯಬೇಕು. ದಾತು ಬರದ ಮಾತು ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿದೆ.

ಹಿಂದೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗಿನ ಕಣಜ, ಬಾಯಿ ಚಿಕ್ಕದು, ಮೇಲೆ ಮಣ್ಣು ಮುಚ್ಚಿರುತ್ತಿತ್ತು. ರಾಗಿ ಅಲ್ಲಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯಬೇಕಾದರೆ ನಾಲ್ಕು ಜನ ಸೇರಬೇಕು. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಆತುರಪಟ್ಟು ಇಳಿದರೆ ಜೀವಕ್ಕೇ ಅಪಾಯ. ನಾನು ಬಹಳ ದಿನ ಹಗೇವು ಅಂದರೆ ಬರೀ ಉಳಿತಾಯ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ಅದು ಸುಲಭಕ್ಕೆ ಕೈಗೆ ಸಿಗದಿರುವುದೇ ಅದರ ಬಲ. ನಮ್ಮ ಉಳಿತಾಯ ಫೋನಿನಲ್ಲಿ ಎರಡು ಬೆರಳಿಗೆ ಸಿಗುತ್ತದೆ, ಅದಕ್ಕೇ ನಿಲ್ಲುವುದಿಲ್ಲ.

ಇನ್ನು ದಾತು, ಈಶ್ವರ ಎರಡೂ ವರ್ಷ ಸಾಲಾಗಿ ಹೋದದ್ದು ನೆನಪಿಸಿಕೊಳ್ಳಿ. ಕಷ್ಟ ಒಂದಾದ ಮೇಲೆ ಒಂದು ಬರುತ್ತದೆ, ಒಂದು ವರ್ಷಕ್ಕೆ ಲೆಕ್ಕ ಹಾಕಿದವನು ಎರಡನೇ ವರ್ಷಕ್ಕೆ ಬರಿಗೈ. ಹಾಗಾಗಿ ನಮ್ಮ ಮನೆಯ ನಿಯಮ ಹೀಗೆ ಬರೆದಿದ್ದೇವೆ: "ಹನ್ನೆರಡು ತಿಂಗಳ ಮನೆ ಖರ್ಚು ಪೋಸ್ಟ್ ಆಫೀಸಿನಲ್ಲಿ, ಇಬ್ಬರ ಸಹಿ ಇಲ್ಲದೆ ತೆಗೆಯುವಂತಿಲ್ಲ, ತೆಗೆದರೆ ಮುಂದಿನ ಬೆಳೆಯಲ್ಲಿ ಮೊದಲು ಅದನ್ನೇ ತುಂಬಬೇಕು." ಹನ್ನೆರಡು ತಿಂಗಳಾಗಲು ನಾಲ್ಕು ವರ್ಷ ಹಿಡಿಯಿತು. ನೀವು ಎರಡು ತಿಂಗಳಿಂದ ಶುರು ಮಾಡಿ. ಮೂರು ತಿಂಗಳು ನಡೆಸಿ ನೋಡಿ, ಆಗದಿದ್ದರೆ ನಿಯಮವನ್ನು ಚಿಕ್ಕದು ಮಾಡಿ, ಬಿಡಬೇಡಿ.

ಹೆಜ್ಜೆ 9: ನೀವೂ ಬರೆದಿಡಿ

ಒಂದು ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ತನ್ನಿ. ಯುಗಾದಿ ದಿನ ಬೇವುಬೆಲ್ಲ ತಿಂದ ಮೇಲೆ ಒಂದು ಪುಟ ತುಂಬಿಸಿ: ಸಂವತ್ಸರದ ಹೆಸರು, ಇಸವಿ, ಮಳೆ ಹೇಗಾಯಿತು, ಕೆರೆ ಕೋಡಿ ಹೋಯಿತಾ, ಬೋರ್ ನೀರು ಯಾವ ತಿಂಗಳು ಕಡಿಮೆಯಾಯಿತು, ಏನು ಬೆಳೆ, ಯಾವ ರೇಟು, ಯಾರಿಗೆ ಏನು ಕಾಯಿಲೆ, ಎಷ್ಟು ಸಾಲ, ಯಾವ ನಿರ್ಧಾರ ತಪ್ಪಿತು, ಯಾಕೆ. ತಪ್ಪನ್ನು ಮುಚ್ಚಿಡದೆ ಬರೆಯಿರಿ, ಮುಂದಿನವರಿಗೆ ಅದೇ ಬೇಕಿರುವುದು. ಹಿಂದಿನ ವರ್ಷದ ಪುಟವನ್ನು ಎಲ್ಲರ ಮುಂದೆ ಒಬ್ಬರು ಓದಲಿ.

ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಹೊಲದ ಒಂದು ನಕ್ಷೆ ಇದೆ. ತಾತ ಮುಚ್ಚಿಸಿದ ಬಾವಿ, ನಾವು ಕೊರೆಸಿದ ಮೂರು ಬೋರ್, ಒಂದೊಂದರ ಆಳ, ಇಸವಿ. ಹುಣಸೆ ಮರದ ಹತ್ತಿರ ಅತ್ತೆಯೇ ಪೆನ್ನು ಹಿಡಿದು ಒಂದು ಸುತ್ತು ಹಾಕಿದ್ದಾರೆ.